ಆರ್ಡರ್ ತಪ್ಪು ಅನ್ನಿಸಿದ್ರೆ ಏನ್ಮಾಡ್ಲಿ ಅಂತ ಕೇಳಿದ್ದೆಯಲ್ಲ

ಪುಟ್ಟಾ, ದೊಡ್ಡಪ್ಪನ ಆಶೀರ್ವಾದ.

ಮೊನ್ನೆ ಫೋನಲ್ಲಿ ನೀನು ಕೇಳಿದಾಗ "ಮೊದ್ಲು ಆರ್ಮಿ ಟ್ರೈನಿಂಗ್ ಮುಗಿಸೋ ಮಾರಾಯ" ಅಂತ ನಕ್ಕು ಜಾರಿಕೊಂಡೆ. ಫೋನ್ ಇಟ್ಟಮೇಲೆ ನಿದ್ದೆ ಬರ್ಲಿಲ್ಲ, ಅದಕ್ಕೇ ಬರೀತಿದೀನಿ.

ನಿನಗೆ ಬರೋ ಆರ್ಡರ್‌ಗಳಲ್ಲಿ ಮುಕ್ಕಾಲು ಪಾಲು ಪೆದ್ದು ಅನ್ನಿಸುತ್ವೆ. ಸುರಿಯೋ ಮಳೇಲಿ ಅಗೆದ ಟ್ರೆಂಚ್ ಮುಚ್ಚಿ ಹತ್ತು ಹೆಜ್ಜೆ ಆಚೆ ಮತ್ತೆ ಅಗೀರಿ ಅಂದಿದ್ರು ನಮಗೆ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ, ಬೈಕೊಂಡೇ ಅಗೆದ್ವಿ. ಅಂಥದ್ದಕ್ಕೆಲ್ಲ ಆತ್ಮಸಾಕ್ಷೀನ ಎಳೀಬೇಡ. ಗುಂಡು ಹಾರೋ ಹೊತ್ತಲ್ಲಿ ಪಕ್ಕದವನು "ಯಾಕೆ ಸಾರ್" ಅಂತ ನಿಂತ್ರೆ ಸಾಯೋದು ನೀನು.

ಆದ್ರೆ ಕೈ ಕಟ್ಟಿ ಕೂರಿಸಿದವನನ್ನ ಹೊಡಿ, ನಿರಾಯುಧರ ಮೇಲೆ ಸುಮ್ನೆ ಗುಂಡು ಹಾರಿಸು ಅಂದ್ರೆ ಅದು ಬೇರೇನೇ. ಇದು ನನ್ನ ಮಾತಲ್ಲ, ನಮ್ಮ 1950ರ ಆರ್ಮಿ ಆಕ್ಟ್ ತೆಗೆದು ನೋಡು, 41ನೇ ಸೆಕ್ಷನ್ನಲ್ಲಿ ಶಿಕ್ಷೆ ಇರೋದು ಕಾನೂನುಬದ್ಧ ಆಜ್ಞೆ ಮೀರಿದವನಿಗೆ, ಬರೀ ಆಜ್ಞೆ ಅಂತ ಬರೆದಿಲ್ಲ. ಜರ್ಮನಿಯ ಸೈನಿಕರು 1934ರಲ್ಲಿ ಹಿಟ್ಲರ್ ಹೆಸರು ಹಿಡಿದೇ ಪ್ರಮಾಣ ಮಾಡಿದ್ರು, ಯುದ್ಧ ಸೋತಮೇಲೆ ನ್ಯೂರೆಂಬರ್ಗ್‌ನ ಯುದ್ಧಾಪರಾಧದ ಕೋರ್ಟಲ್ಲಿ "ಮೇಲಿನವರು ಹೇಳಿದ್ರು" ಅಂದಿದ್ದು ಅವರ ಜನರಲ್‌ಗಳನ್ನ ಉಳಿಸಲಿಲ್ಲ. ನೀನು ಪ್ರಮಾಣ ಮಾಡೋದು ಸಂವಿಧಾನಕ್ಕೆ, ಮನುಷ್ಯನಿಗಲ್ಲ.

ನನಗೆ ಯಾವಾಗ್ಲೂ ನೆನಪಾಗೋದು ಹ್ಯೂ ಥಾಂಪ್ಸನ್. ಅಮೆರಿಕನ್ ಹೆಲಿಕಾಪ್ಟರ್ ಪೈಲಟ್, 24 ವಯಸ್ಸು, ಹೆಚ್ಚುಕಮ್ಮಿ ನಿನ್ನಷ್ಟೇ. 1968ರ ಮಾರ್ಚ್ 16, ವಿಯೆಟ್ನಾಂನ ಮೈ ಲಾಯ್. ತನ್ನದೇ ಸೈನಿಕರು ಹೆಂಗಸರು ಮಕ್ಕಳನ್ನ ಕೊಲ್ತಿರೋದು ಮೇಲಿಂದ ಕಾಣ್ತು, ಬಂಕರಲ್ಲಿ ಅಡಗಿದ್ದ ಹಳ್ಳಿಯವರಿಗೂ ಆ ಸೈನಿಕರಿಗೂ ಮಧ್ಯೆ ಹೆಲಿಕಾಪ್ಟರ್ ಇಳಿಸಿ, ಅವರು ಈ ಜನರ ಮೇಲೆ ಹಾರಿಸಿದ್ರೆ ನೀವು ಅವರ ಮೇಲೆ ಹಾರಿಸಿ ಅಂತ ತನ್ನ ಗನ್ನರ್‌ಗಳಿಗೆ ಹೇಳ್ದ. ಅವನು ಸೈನ್ಯ ಬಿಟ್ಟು ಓಡಿಹೋಗ್ಲಿಲ್ಲ ನೋಡು, ಬೇಸಿಗೆ ವಾಪಸ್ ಬಂದು ಮೇಲಿನವರಿಗೆ ರಿಪೋರ್ಟ್ ಮಾಡ್ದ. ಊರವರು ಮೆಚ್ಚಿದ್ರಾ? ದ್ರೋಹಿ ಅಂದ್ರು, ಕೊಲೆ ಬೆದರಿಕೆ ಬಂತು, ಆ ಕೆಲಸಕ್ಕೆ ಸರಿಯಾದ ಪದಕ ಸಿಕ್ಕಿದ್ದು 1998ರಲ್ಲಿ. 30 ವರ್ಷ! ಬ್ರಿಟಿಷರ ಸೈನ್ಯದಲ್ಲಿದ್ದ ನಮ್ಮ ಚಂದ್ರ ಸಿಂಗ್ ಗಢವಾಲಿಯವರೂ ಅಷ್ಟೇ, 1930ರಲ್ಲಿ ಪೇಶಾವರದಲ್ಲಿ ನಿರಾಯುಧರ ಮೇಲೆ ಹಾರಿಸಲ್ಲ ಅಂದಿದ್ದಕ್ಕೆ ಬ್ರಿಟಿಷರು ಕೊಟ್ಟಿದ್ದು ಜೀವಾವಧಿ, ಹೊರಗೆ ಬಂದಿದ್ದು 1941ರಲ್ಲಿ. ಬೇಡ ಅಂದಮೇಲೆ ಚಪ್ಪಾಳೆ ಸಿಗುತ್ತೆ ಅಂತ ಮಾತ್ರ ಕಾಯ್ಬೇಡ.

ಇಷ್ಟೆಲ್ಲ ದೊಡ್ಡದಾಗಿ ಹೇಳ್ತೀನಲ್ಲ, ನನ್ನ ಪಾಲಿಗೆ ಬಂದಿದ್ದು ಗುಂಡಲ್ಲ, ಒಂದು ಸ್ಟೋರ್ ರಿಜಿಸ್ಟರ್. ಡೀಸೆಲ್ ಲೆಕ್ಕ ತಾಳೆ ಆಗ್ತಿರ್ಲಿಲ್ಲ, ಸೀನಿಯರ್ ಒಬ್ರು ಪುಟ ತೆರೆದು ಬೆರಳಿಟ್ಟು "ಇಲ್ಲಿ ಹಾಕು" ಅಂದ್ರು. ಪೆನ್ ಬರೀತಿರ್ಲಿಲ್ಲ, ಅಂಗೈ ಮೇಲೆ ಗೀಚಿ ಸರಿ ಮಾಡ್ಕೊಂಡು ಸಹಿ ಹಾಕ್ದೆ. ಯೋಚ್ನೆ ಮಾಡೋಕೆ ಅಷ್ಟು ಟೈಮ್ ಸಿಕ್ಕಿತ್ತು ಪುಟ್ಟಾ, ಆದ್ರೂ ಹಾಕ್ದೆ. ಆ ತಪ್ಪು ಆಮೇಲೆ ಇನ್ಯಾರದೋ ತಲೆ ಮೇಲೆ ಬಂತು, ನಾನು ಬಾಯಿ ಬಿಡ್ಲಿಲ್ಲ.

ಅದಕ್ಕೇ ಒಂದು ಉಪಾಯ ಹೇಳ್ತೀನಿ. ಅನುಮಾನ ಬಂದ್ರೆ ಜಗಳ ಬೇಡ, ಅಟೆನ್ಷನಲ್ಲೇ ನಿಂತು "ಸಾರ್, ಇದನ್ನ ರೈಟಿಂಗಲ್ಲಿ ಕೊಡ್ತೀರಾ" ಅಂತ ಕೇಳು. ಬಹಳಷ್ಟು ಕೆಟ್ಟ ಆರ್ಡರ್‌ಗಳು ಅಲ್ಲೇ ಸತ್ತುಹೋಗ್ತವೆ. ಸಾಯದೇ ಇದ್ರೆ, ನಾನು ಮಾಡಲ್ಲ ಸಾರ್ ಅನ್ನು, ಬಂದಿದ್ದನ್ನ ಅನುಭವಿಸು, ನಾನಿದೀನಿ.

ಈ ಪತ್ರ ನಿಮ್ಮಪ್ಪಂಗೆ ತೋರಿಸ್ಬೇಡ. ರಿಜಿಸ್ಟರ್ ವಿಷಯ ಅವನಿಗೆ ಗೊತ್ತಿಲ್ಲ, ಅದನ್ನ ನಾನೇ ಹೇಳ್ಬೇಕು.