ಚಿಗವ್ವನ ರಿಪೋರ್ಟು, ಗೀತಾಳ ಮದುವೆ

ಹೈಡೆಲ್‌ಬರ್ಗ್, ಭಾನುವಾರ

ತೀರ್ಥರೂಪ ಅಪ್ಪನಿಗೆ ನಮಸ್ಕಾರ. ನಾನು ಇಲ್ಲಿ ಆರಾಮ. ನೀವೂ ಅವ್ವನೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ.

ನಿಮ್ಮ ಪತ್ರ ಬಂತು, ಚಿಗವ್ವನ ಸ್ತನ ಕ್ಯಾನ್ಸರಿನ ರಿಪೋರ್ಟಿನ ಫೋಟೋನೂ ನೋಡಿದೆ. ಫೋನ್ ಮಾಡಿದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಚಿಗವ್ವನ ಮನೆಗೆ ಒಯ್ದು ಓದಿ ಹೇಳಿ. ಅವಳ ಮಗಳು ಗೀತಾಳ ಸಂಬಂಧ ಮಾತಾಡುತ್ತಿರುವ ಗದಗಿನವರಿಗೂ ಹೇಳಿ.

"ಜೀನ್ ಅಂದ್ರ ವಂಶದಾಗ ಬಂದಿದ್ದ ಅಲ್ಲೇನ್ರಿ, ನಾಳೆ ಗೀತಾಗೂ ಬರತೈತಿ" ಅಂದರಂತಲ್ಲ ಹುಡುಗನ ಅವ್ವ. ಹಾಗಲ್ಲ ಅಪ್ಪ. ರಿಪೋರ್ಟಿನಲ್ಲಿರುವ ಹರ್-2 ಜೀನ್ ಎಲ್ಲರ ಮೈಯಲ್ಲೂ ಇದೆ. ನಿಮಗಿದೆ, ನನಗಿದೆ, ಆ ತಾಯಿಗೂ ಇದೆ. ಪ್ರತಿ ಜೀವಕೋಶದಲ್ಲಿ ಎರಡು ಪ್ರತಿ, ಒಂದು ತಂದೆಯದು, ಒಂದು ತಾಯಿಯದು. ಅದು ತಯಾರಿಸುವ ಪ್ರೋಟೀನು ಕೋಶದ ಮೇಲ್ಮೈಯಲ್ಲಿ ಕೂತು 'ಬೆಳೆ' ಅನ್ನುವ ಸುದ್ದಿಯನ್ನು ಒಳಗೆ ಮುಟ್ಟಿಸುತ್ತದೆ. ಆರೋಗ್ಯವಾಗಿರುವ ಕೋಶದಲ್ಲಿ ಅದು ಕೆಲವು ಹತ್ತು ಸಾವಿರದಷ್ಟು ಇರುತ್ತದೆ. ಚಿಗವ್ವನಿಗೆ ಆಗಿರುವಂಥ ಗಂಟಿನಲ್ಲಿ ಜೀನಿನ ಪ್ರತಿಗಳೇ ಹೆಚ್ಚಾಗಿ, ಆ ಪ್ರೋಟೀನು ಒಂದೊಂದು ಕೋಶದ ಮೇಲೆ 20 ಲಕ್ಷದವರೆಗೂ ಆಗಬಹುದು. ಜಾತ್ರೆಯಲ್ಲಿ ಒಂದೇ ಹಾಡನ್ನು ಹತ್ತು ಮೈಕಿನಲ್ಲಿ ಹಾಕಿದ ಹಾಗೆ. ಹಾಡು ಹಳೆಯದೇ, ಗದ್ದಲ ಜಾಸ್ತಿ.

ಇದು ಆಗಿರುವುದು ಗಂಟಿನಲ್ಲಿ ಮಾತ್ರ, ಅದೂ ಈಚೆಗೆ. ಚಿಗವ್ವನ ರಕ್ತದಲ್ಲಿ, ಮೈಯ ಉಳಿದ ಕಡೆ ಅದೇ ಎರಡು ಪ್ರತಿ. ಗೀತಾಗೆ ಬಂದಿರುವುದೂ ಮಾಮೂಲಿ ಜೀನೇ.

ಗಂಟಿನಲ್ಲಿ ಈ ಪ್ರೋಟೀನು ಎಷ್ಟಿದೆ ಅಂತ ನೋಡುವ ಮೊದಲ ಪರೀಕ್ಷೆಯಲ್ಲಿ 2+ ಬಂದಿತ್ತು. ಅಂದರೆ ಹೌದೋ ಅಲ್ಲವೋ ಹೇಳಲಾಗದ ಅಂಕಿ. ಅದಕ್ಕೇ ಜೀನಿನ ಪ್ರತಿಗಳನ್ನೇ ಎಣಿಸುವ ಫಿಶ್ ಟೆಸ್ಟ್ ಮಾಡಿಸಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ಅದರಲ್ಲಿ ಆ ಜೀನು ಕೆಂಪು ಚುಕ್ಕೆಯಾಗಿ, ಅದು ಕೂತಿರುವ 17ನೇ ಕ್ರೋಮೋಸೋಮು (ಜೀನುಗಳನ್ನು ಹೊತ್ತಿರುವ ಎಳೆ) ಹಸಿರು ಚುಕ್ಕೆಯಾಗಿ ಕಾಣುತ್ತವೆ. ಒಳ್ಳೆಯ ಕೋಶದಲ್ಲಿ ಎರಡು ಕೆಂಪು, ಎರಡು ಹಸಿರು. ಇಂಥ ಗಂಟಿನಲ್ಲಿ ಕೆಂಪು ಚುಕ್ಕೆಗಳ ಗುಂಪೇ. ನಮ್ಮ ಲ್ಯಾಬಿನಲ್ಲಿ ನಾನು ನೋಡುವುದೂ ಇವನ್ನೇ.

ವಂಶದಲ್ಲಿ ಬರುವ ಜೀನುಗಳು ಬೇರೆ. ಬಿಆರ್‌ಸಿಎ-1, ಬಿಆರ್‌ಸಿಎ-2 ಅಂತ, 1994-95ರಲ್ಲಿ ಪತ್ತೆಯಾದವು. ಸ್ತನ ಕ್ಯಾನ್ಸರಿನಲ್ಲಿ ವಂಶದಿಂದ ಬರುವಂಥದ್ದು ನೂರಕ್ಕೆ 5-10 ಅಷ್ಟೇ. ಅದಕ್ಕೆ ರಕ್ತ ಅಥವಾ ಜೊಲ್ಲು ಪರೀಕ್ಷೆ ಮಾಡುತ್ತಾರೆ. ಅಜ್ಜಿಗಾಗಲಿ ಅವಳ ಅಕ್ಕತಂಗಿಯರಿಗಾಗಲಿ ಇದು ಇರಲಿಲ್ಲ. ಆದರೂ ಡಾಕ್ಟರ್ ಮಾಡಿಸಿ ಅಂದರೆ ಮಾಡಿಸಿ, ಮುಚ್ಚಿಡುವಂಥದ್ದೇನೂ ಇಲ್ಲ. ಇಷ್ಟು ಹೇಳಿದ ಮೇಲೂ ಗದಗಿನವರು ಹಿಂದೆ ಸರಿದರೆ ಸರಿಯಲಿ. ಗೀತಾಗೆ ನೌಕರಿ ಇದೆ, ಅವಸರ ಏನು?

ಔಷಧಿಗೆ ಹೊಲ ಮಾರುವ ಮಾತು ಸದ್ಯ ಬೇಡ ಅಂತ ಕಾಕಾಗೆ ಹೇಳಿ. ಈ ಪ್ರೋಟೀನನ್ನೇ ಹಿಡಿಯುವ ಟ್ರಾಸ್ಟುಜುಮ್ಯಾಬ್ ಅನ್ನುವ ಔಷಧಿ 1998ರಿಂದ ಇದೆ. ನಮ್ಮ ಬೆಂಗಳೂರಿನ ಔಷಧಿ ಕಂಪನಿ ಬಯೋಕಾನ್ ಕೂಡ 2014ರಲ್ಲಿ ತನ್ನದನ್ನು ತಂದಿತು, ಮೂಲ ಕಂಪನಿಯದಕ್ಕಿಂತ ಕಡಿಮೆ ಬೆಲೆಗೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ಆಯುಷ್ಮಾನ್ ಕಾರ್ಡಿನಲ್ಲಿ ಎಷ್ಟು ಸಿಗುತ್ತದೆ ಅಂತ ಕೇಳಿ. ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ನಡುನಡುವೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಅಂತಾರೆ, ಅದನ್ನು "ಸುಮ್ನೆ ಖರ್ಚು" ಅಂತ ಕಾಕಾ ತಪ್ಪಿಸಬಾರದು. ಹರ್-2 ಹೃದಯದ ಸ್ನಾಯುವಿನಲ್ಲೂ ಕೆಲಸ ಮಾಡುತ್ತದೆ. ಔಷಧಿಗೆ ಗಂಟು ಯಾವುದು, ಹೃದಯ ಯಾವುದು ಗೊತ್ತಾಗುವುದಿಲ್ಲ.

ನನ್ನ ಊಟದ ಚಿಂತೆ ಬೇಡ. ಇಲ್ಲಿ ಭಾನುವಾರ ಅಂಗಡಿ ಬಂದ್, ಸದ್ದೂ ಮಾಡಬಾರದು. ಶೇಂಗಾ ಚಟ್ನಿ ಕುಟ್ಟುತ್ತಿದ್ದೆ, ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು ಬಾಗಿಲು ಬಡಿದಳು. ಒಂದು ಬಟ್ಟಲು ಕೊಟ್ಟು ಕಳಿಸಿದೆ. ಖಾರಕ್ಕೆ ಮುಖ ಕೆಂಪಾಯಿತು, ಆದರೆ ಬಟ್ಟಲು ಖಾಲಿ ಮಾಡಿಯೇ ವಾಪಸ್ ಕೊಟ್ಟಳು! ಚಳಿ ಏನೂ ಇಲ್ಲ, ಸ್ವೆಟರ್ ಇದೆ, ದುಡ್ಡೂ ಇದೆ, ಎಲ್ಲಾ ಸರಿ ಇದೆ. ಚಿಗವ್ವನೂ ಆರಾಮ ಆಗುತ್ತಾಳೆ, ನೋಡುತ್ತಿರಿ.

ಲ್ಯಾಬಿನಲ್ಲಿ ಕೋಶಗಳಿಗೆ ಆಹಾರ ಬದಲಿಸಬೇಕು, ಅವಕ್ಕೆ ಭಾನುವಾರ ಇಲ್ಲ. ಟ್ರ್ಯಾಮ್ ಬರುವ ಹೊತ್ತಾಯಿತು. ಮುಂದಿನ ಎಕೋ ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸಿ.

ನಿಮ್ಮ ಮಗಳು,
ವಿದ್ಯಾ