'ಸಂವಹನ ಲೋಪ' ಅಂತ ಬರೆದರೆ ಸಾಕೇ?

ಮಾನ್ಯ ಸಂಪಾದಕರೇ,

ವಿಮಾನ ಅಪಘಾತದ ಸುದ್ದಿಗಳಲ್ಲಿ ಎಷ್ಟೋ ಸಲ ಒಂದು ಸಾಲು ಇರುತ್ತದೆ: 'ಪೈಲಟ್ ಮತ್ತು ಎಟಿಸಿ ನಡುವೆ ಸಂವಹನ ಲೋಪ'. ಎಟಿಸಿ ಅಂದರೆ ನೆಲದಿಂದ ರೇಡಿಯೋದಲ್ಲಿ ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್‌ಗಳು. ಅಷ್ಟೇ, ಸುದ್ದಿ ಅಲ್ಲಿಗೆ ಮುಗಿಯಿತು. ಯಾರು ಏನು ಹೇಳಿದರು, ಕೇಳಿದವರಿಗೆ ಅದು ಏನಂತ ಅರ್ಥವಾಯಿತು ಅನ್ನುವುದು ಬರುವುದೇ ಇಲ್ಲ. ನಿಜವಾದ ಸುದ್ದಿ ಇರುವುದು ಅಲ್ಲೇ ಅಲ್ವಾ?

1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ದಟ್ಟ ಮಂಜು. ಟವರ್‌ನವರಿಗೆ ಎರಡೂ ವಿಮಾನ ಕಾಣುತ್ತಿರಲಿಲ್ಲ. ಕೆಎಲ್‌ಎಂ ಕೋ-ಪೈಲಟ್ 'ವಿ ಆರ್ ನೌ ಅಟ್ ಟೇಕಾಫ್' ಅಂದರು. ಆಗಲೇ ಅವರ ವಿಮಾನ ಓಡಲು ಶುರು ಮಾಡಿತ್ತು, ಆದರೆ ಟವರ್‌ನಲ್ಲಿದ್ದವರು ಅಂದುಕೊಂಡಿದ್ದು ವಿಮಾನ ಟೇಕಾಫ್ ಜಾಗದಲ್ಲಿ ನಿಂತು ಕಾಯುತ್ತಿದೆ ಅಂತ. ಅವರು 'ಓಕೆ' ಅಂದು, ಸ್ವಲ್ಪ ತಡೆದು, ಕಾಯಿರಿ, ನಾನೇ ಕರೆಯುತ್ತೇನೆ ಅಂದರು. ಸರಿಯಾಗಿ ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಅಂದರು. ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ರೇಡಿಯೋದಲ್ಲಿ ಬರುವುದು ಕೀರಲು ಸದ್ದು. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಆ 'ಓಕೆ' ಒಂದೇ. ಆ ಪ್ಯಾನ್ ಆಮ್ ರನ್‌ವೇ ಬಿಟ್ಟಿಲ್ಲವೇ ಅಂತ ಫ್ಲೈಟ್ ಎಂಜಿನಿಯರ್ ಕೇಳಿದರು ಕೂಡ. ಬಿಟ್ಟಿದೆ ಅಂತ ಕ್ಯಾಪ್ಟನ್ ಖಚಿತವಾಗಿ ಹೇಳಿಬಿಟ್ಟರು. ಆಮೇಲೆ ನಿಯಮ ಬದಲಾಯಿತು. ಈಗ ಟೇಕಾಫ್ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ 'ಟೇಕಾಫ್' ಅನ್ನುವ ಪದ ಬಳಸಬೇಕು. ಉಳಿದ ಕಡೆಯೆಲ್ಲ 'ಡಿಪಾರ್ಚರ್'.

ಇಂಗ್ಲಿಷ್ ಸರಿಯಾಗಿ ಬರದವರಿಂದ ಹೀಗಾಗುತ್ತದೆ ಅಂತ ಸುಮ್ನೆ ಹೇಳಿಬಿಡುವವರಿದ್ದಾರೆ. 1989ರಲ್ಲಿ ಕ್ವಾಲಾಲಂಪುರದ ಹತ್ತಿರ ಬಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನದ ಪೈಲಟ್‌ಗಳು ಅಮೆರಿಕದವರು. 2,400 ಅಡಿಗೆ ಇಳಿಯಲು ಕಂಟ್ರೋಲರ್ 'ಡಿಸೆಂಡ್ ಟು ಫೋರ್ ಝೀರೋ ಝೀರೋ' ಅಂದರು. ಇಲ್ಲಿ 'ಟು' ಅಂದರೆ ಎರಡು. ಪೈಲಟ್ ಅದನ್ನು 'ಗೆ' ಅಂತ ತಿಳಿದು, ಓಕೆ, ಫೋರ್ ಝೀರೋ ಝೀರೋ ಅಂದರು. 400 ಅಡಿ! ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ 4 ಜನರೂ ಸತ್ತರು.

ಇದರಲ್ಲಿ ನನ್ನನ್ನು ಕಾಡುವುದು ಆ ಮರುನುಡಿ. ಪೈಲಟ್‌ಗಳು ಅದಕ್ಕೆ ರೀಡ್‌ಬ್ಯಾಕ್ ಅನ್ನುತ್ತಾರೆ. ಕೇಳಿದ್ದನ್ನು ತಿರುಗಿ ಹೇಳುವುದು ಅರ್ಧ ಕೆಲಸ, ಹಾಗೆ ಹೇಳಿದ್ದನ್ನು ಕಂಟ್ರೋಲರ್ ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದುವುದು ಇನ್ನರ್ಧ. ಆ ದಿನ ತಪ್ಪು ಮಾತು ಕಂಟ್ರೋಲರ್‌ಗೆ ವಾಪಸ್ ಬಂದಿತ್ತು. ಯಾರೂ ತಿದ್ದಲಿಲ್ಲ. ಹತ್ತಾರು ವಿಮಾನಗಳನ್ನು ಒಬ್ಬರೇ ನೋಡಿಕೊಳ್ಳುವಾಗ, ಮುಂದಿನ ವಿಮಾನಕ್ಕೆ ಏನು ಹೇಳಬೇಕು ಅಂತ ಯೋಚಿಸುತ್ತಾ, ತಾವು ನಿರೀಕ್ಷಿಸಿದ ಉತ್ತರವೇ ಕಿವಿಗೆ ಬಿದ್ದ ಹಾಗೆ ಅನ್ನಿಸಿಬಿಡುವುದು ಯಾರಿಗಾದರೂ ಆಗುವಂಥದ್ದು.

1990ರಲ್ಲಿ ನ್ಯೂಯಾರ್ಕ್ ಹತ್ತಿರ ಆವಿಯಾಂಕಾ ವಿಮಾನ ಇಂಧನ ಖಾಲಿಯಾಗಿ ಬಿದ್ದು 73 ಜನ ಸತ್ತಾಗ ಆಗಿದ್ದು ಬೇರೆ. ಪೈಲಟ್‌ಗಳು 'ಪ್ರಯಾರಿಟಿ' ಕೇಳಿದ್ದರು, ಇಂಧನ ಮುಗಿಯುತ್ತಿದೆ ಅಂತಲೂ ಹೇಳಿದ್ದರು. 'ಎಮರ್ಜೆನ್ಸಿ' ಅನ್ನುವ ಒಂದು ಪದ ಮಾತ್ರ ರೇಡಿಯೋದಲ್ಲಿ ಬರಲೇ ಇಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ತನಿಖಾ ವರದಿ ಬಂದಾಗ ದಯವಿಟ್ಟು ಆಡಿದ ಮಾತುಗಳನ್ನೇ ಅಚ್ಚು ಹಾಕಿ. ತಪ್ಪು ಯಾರದು ಅಂತ ಕೇಳುವ ಮೊದಲು ರೀಡ್‌ಬ್ಯಾಕ್ ಆಗಿತ್ತೇ, ಅದನ್ನು ಯಾರಾದರೂ ಕೇಳಿಸಿಕೊಂಡರೇ, ಆ ಹೊತ್ತಿನಲ್ಲಿ ಟವರ್‌ನಲ್ಲಿ ಎಷ್ಟು ಜನ ಇದ್ದರು, ಒಬ್ಬರ ಕೈಯಲ್ಲಿ ಎಷ್ಟು ವಿಮಾನ ಇತ್ತು ಅಂತ ಕೇಳಿ ಬರೆಯಿರಿ.

ಇಂತಿ,
ನಿಮ್ಮ ಓದುಗ