ರವಿವಾರ ಕರ್ತನ ಭೋಜನ: ಸಭೆಯವರ ಗಮನಕ್ಕೆ

ದೇವಜನರೆಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು.

ಬೀದರಿನ ನಮ್ಮ ಸಭೆಯಲ್ಲಿ ಈ ರವಿವಾರ ಮುಂಜಾನೆ ಆರಾಧನೆಯ ಜೊತೆಗೆ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು, ಇದೆ. ಬಿಸಿಲು ಜೋರಾಗಿದೆ, ಹಾಗಾಗಿ 9ರ ಬದಲು 8 ಗಂಟೆಗೇ ಶುರು. ಹಳ್ಳಿಗಳಿಂದ ಬರುವವರು ಮೊದಲ ಬಸ್ಸಿಗೇ ಹೊರಡಿ.

ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸ ಹಿಡಿದವರು ಭೋಜನ ತೆಗೆದುಕೊಳ್ಳಬಹುದೇ ಎಂದು ಇಬ್ಬರು ಕೇಳಿದ್ದಾರೆ. ಧಾರಾಳವಾಗಿ ತೆಗೆದುಕೊಳ್ಳಿ. ಲೆಂಟ್ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ 40 ದಿನಗಳ ಲೆಕ್ಕದಲ್ಲಿ ರವಿವಾರಗಳು ಸೇರುವುದಿಲ್ಲ. ಆದರೆ ಬರುವ ಮೊದಲು ಬೈಬಲಿನ 1 ಕೊರಿಂಥ 11ನೇ ಅಧ್ಯಾಯ, 23ರಿಂದ 29ನೇ ವಚನ, ಮನೆಯವರೆಲ್ಲ ಕೂತು ಓದಿ. ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಶನಿವಾರದೊಳಗೆ ಹೋಗಿ ಮಾತಾಡಿಸಿ. ಹೋದ ವರ್ಷ ನಾನೂ ಅಣ್ಣನ ಮನೆಗೆ ಹೋಗಿ ಬಂದ ಮೇಲೆಯೇ ಬಟ್ಟಲು ಹಿಡಿದೆ. ಆ ಒಂದು ಗುಟುಕು ದ್ರಾಕ್ಷಾರಸದ ರುಚಿ ಇನ್ನೂ ನಾಲಗೆಯ ಮೇಲಿದೆ.

ಮೊಣಕಾಲೂರಲು ಆಗದ ಹಿರಿಯರು ಮುಂದೆ ಬರಬೇಕಾಗಿಲ್ಲ, ಕೂತಲ್ಲಿಗೇ ರೊಟ್ಟಿ, ಬಟ್ಟಲು ತರುತ್ತೇವೆ. ಕೈ ನಡುಗುವವರಿಗೆ ಪಕ್ಕದವರು ಬಟ್ಟಲು ಹಿಡಿದುಕೊಡಿ. ಅವಸರ ಬೇಡ.

ಶನಿವಾರ ಸಂಜೆ 5ಕ್ಕೆ ಸಣ್ಣ ಬಟ್ಟಲುಗಳನ್ನು ತೊಳೆಯಲು, ಪೀಠದ ನೇರಳೆ ಬಟ್ಟೆಗೆ ಇಸ್ತ್ರಿ ಹಾಕಲು ನಾಲ್ಕು ಮಂದಿ ಬೇಕು. ಅಕ್ಕಂದಿರೇ, ತಮ್ಮಂದಿರೇ, ಬರುವವರು ಇಲ್ಲೇ ಹೆಸರು ಹಾಕಿ.